ವೋಲ್ಟೇಜ್ ಅಂದ್ರ ಫರಕ

ವಿಜಯವಾಡದ ನಮ್ಮ ಮನೆಯಲ್ಲಿ ಎಲ್ಲರೂ ದೇವರ ಪಟಕ್ಕಿಂತ ಹೆಚ್ಚು ಸಲ ತಲೆಯೆತ್ತಿ ನೋಡುತ್ತಿದ್ದದ್ದು ಸ್ಟೆಬಿಲೈಸರಿನ ಮುಳ್ಳನ್ನು. ಫ್ರಿಜ್ಜಿನ ನೆತ್ತಿಯಲ್ಲಿ, ಅವ್ವ ಕಸೂತಿ ಹಾಕಿದ ಬಟ್ಟೆಯ ಮೇಲೆ ಕೂತಿದ್ದ ಆ ಬೂದು ಪೆಟ್ಟಿಗೆಗೆ ಗಾಜಿನದೊಂದು ಕಣ್ಣು, ಕಣ್ಣೊಳಗೆ ಕೆಂಪು ಮುಳ್ಳು. ಸಂಜೆ ಬೀದಿಯ ಮನೆಗಳಲ್ಲೆಲ್ಲ ದೀಪ, ಫ್ಯಾನು ಶುರುವಾಗುತ್ತಿದ್ದಂತೆ ಅದು ಎಡಕ್ಕೆ ವಾಲುತ್ತಿತ್ತು. ಟ್ಯೂಬ್‌ಲೈಟು ಹತ್ತಲಾರದೆ ಎರಡೂ ತುದಿಯಲ್ಲಿ ಕೆಂಪಗಾಗಿ ಗುಂಯ್‌ಗುಡುತ್ತಿತ್ತು. ಫ್ಯಾನಿನ ರೆಕ್ಕೆಗಳು ಒಂದೊಂದಾಗಿ ಕಾಣುತ್ತಿದ್ದವು. ಅಪ್ಪ ಬ್ಯಾಂಕಿನಿಂದ ಬಂದವರು ಅಂಗಿ ಬಿಚ್ಚುವ ಮೊದಲು ಅದರ ಮುಂದೆ ನಿಂತು, ಮನೆಯ ಹಿರಿಯರಿಗೆ ಜ್ವರ ಬಂದಿದೆ ಎನ್ನುವ ದನಿಯಲ್ಲಿ "ವೋಲ್ಟೇಜ್ ಬಿದ್ದೈತಿ" ಎಂದು ಸಾರುತ್ತಿದ್ದರು. ವೋಲ್ಟೇಜ್ ಅಂದರೆ ಏನು ಎಂದು ನಾನು ಮೊದಲ ಸಲ ಕೇಳಿದ್ದು ಅಲ್ಲಿಯೇ. ಅವರು ಬೆರಳು ತೋರಿಸಿದರು.

"ಇದ. ಈ ಮುಳ್ಳು. ಮ್ಯಾಲೆ ಹೋದ್ರ ಜಾಸ್ತಿ, ಕೆಳಗ ಬಂದ್ರ ಕಡಿಮಿ. ಹೆಣ್ಣುಡುಗಿ ನಿನಗ ಇನ್ನೇನು ಬೇಕು?"

ನಾವು ಗದಗಿನ ಕಡೆಯವರು. ಅಪ್ಪ ಬ್ಯಾಂಕಿನ ಅಧಿಕಾರಿ, ವರ್ಗವಾದಲ್ಲಿಗೆ ಅವ್ವನನ್ನೂ ಒಬ್ಬಳೇ ಮಗಳಾದ ನನ್ನನ್ನೂ ಟ್ರಂಕುಗಳ ಜೊತೆ ಕರೆದೊಯ್ಯುತ್ತಿದ್ದರು. ವಿಜಯವಾಡದಲ್ಲಿ ಕಾಲುವೆಯ ಪಕ್ಕದ ಬೀದಿಯೊಂದರಲ್ಲಿ ರಂಗಾರಾವ್ ಗಾರು ಎಂಬವರ ಮನೆಯ ಮೇಲಿನ ಅಂತಸ್ತು ನಮ್ಮದಾಯಿತು. ಅಡುಗೆಮನೆಗೆ ಕಪ್ಪು ಕಡಪಾ ಕಲ್ಲಿನ ನೆಲ. ಒಂದೇ ಕಿಟಕಿ. ಅದರಲ್ಲಿ ಬರುವ ಗಾಳಿ ಕೂಡ ಒಲೆಯಿಂದಲೇ ಎದ್ದು ಬಂದಂತಿರುತ್ತಿತ್ತು. ಬೇಸಿಗೆಯಲ್ಲಿ ನೀರು ತಣ್ಣಗಿರಲೆಂದು ಅಪ್ಪ ಫ್ರಿಜ್ಜು ತಂದರು. ಬೀದಿಯ ಮಕ್ಕಳೆಲ್ಲ ನೋಡಲು ಬಂದರು. ಅವ್ವ ಅದಕ್ಕೆ ಕುಂಕುಮವಿಟ್ಟಳು. ಆಗ ಒಂದು ತೊಡಕು ಎದ್ದಿತು. ಸ್ಟೆಬಿಲೈಸರಿನ ಪ್ಲಗ್ಗಿಗೆ ಮೂರು ಪಿನ್ನು, ಗೋಡೆಯ ಸಾಕೆಟ್ಟಿಗೆ ಎರಡೇ ತೂತು. ಸಾಕೆಟ್ಟು ಬದಲಿಸಿ, ನೆಲದ ತನಕ ಇನ್ನೊಂದು ತಂತಿ ಎಳೆಯಬೇಕು ಎಂದು ಫ್ರಿಜ್ಜಿನ ಅಂಗಡಿಯವನು ಹೇಳಿದಾಗ ಕೆಳಗಿನಿಂದ ರಂಗಾರಾವ್ ಗಾರು ಪಂಚೆ ಎತ್ತಿಕೊಂಡು ಹತ್ತಿ ಬಂದರು.

"ಗೋಡ ಪಗಲಗೊಟ್ಟೊದ್ದಂಡಿ ಮೇನೇಜರ್ ಗಾರೂ. ಈ ಇಲ್ಲು ಕಟ್ಟಿ ಇನ್ನೇಳ್ಳಯಿಂದಿ, ಎವರಿಕೀ ಏಮೀ ಕಾಲೇದು."

ಗೋಡೆ ಒಡೆಯಬೇಡಿ, ಮನೆ ಕಟ್ಟಿ ಇಷ್ಟು ವರ್ಷವಾಯಿತು, ಯಾರಿಗೂ ಏನೂ ಆಗಿಲ್ಲ. ಅಪ್ಪ ಮೇನೇಜರ್ ಆಗಿರಲಿಲ್ಲ. ಆದರೆ ಹಾಗೆ ಕರೆದವರಿಗೆ ಅವರು ಇಲ್ಲವೆನ್ನುತ್ತಿರಲಿಲ್ಲ. ಟ್ರಂಕಿನಿಂದ ಗರಗಸದ ಬ್ಲೇಡು ತೆಗೆದು, ಹೊಸ್ತಿಲ ಮೇಲೆ ಕೂತು, ಪ್ಲಗ್ಗಿನ ಮೂರನೆಯ ದಪ್ಪ ಪಿನ್ನನ್ನು ತಾವೇ ಕೊಯ್ದು ಹಾಕಿದರು. ಹಿತ್ತಾಳೆಯ ತುಂಡು ಟಿಣ್ಣೆಂದು ಬಿತ್ತು. "ಇದು ಸುಮ್ನ ಶೋಕಿಗೆ ಇರತೈತಿ" ಎಂದು ನಕ್ಕರು. ಆ ಕೊಯ್ಯುವ ಸದ್ದು ನೆನೆದರೆ ಇವತ್ತಿಗೂ ನನ್ನ ದವಡೆ ಬಿಗಿಯುತ್ತದೆ. ತಿಳಿಯದೆ ಮಾಡಿದರು ಎಂದು ನನಗೆ ಬುದ್ಧಿ ಹೇಳುವವರು ನಮ್ಮ ಬಳಗದಲ್ಲಿ ಬಹಳ ಮಂದಿ. ತಿಳಿಯದಿರುವುದು ತಪ್ಪಲ್ಲ. ತಿಳಿಯದ್ದನ್ನು ತಿಳಿದವರ ದನಿಯಲ್ಲಿ ಹೇಳಿ, ಅದರ ಮುಂದೆ ಇನ್ನೊಬ್ಬರನ್ನು ಬರಿಗಾಲಲ್ಲಿ ನಿಲ್ಲಿಸುವುದಕ್ಕೆ ನನ್ನಲ್ಲಿ ಬೇರೆ ಹೆಸರಿದೆ.

ಬೇಸಿಗೆಯಲ್ಲಿ ಅವ್ವ ಮಧ್ಯಾಹ್ನದ ಅಡುಗೆ ಮುಗಿಸಿ ನೆಲಕ್ಕೆಲ್ಲ ನೀರು ಸುರಿಯುತ್ತಿದ್ದಳು. ಕಲ್ಲು ಸ್ವಲ್ಪ ತಣಿಯಲಿ ಎಂದು. ಅಡುಗೆಮನೆಯಲ್ಲಿ ಅವಳು ಚಪ್ಪಲಿ ಮೆಟ್ಟಿದವಳಲ್ಲ. ಫ್ರಿಜ್ಜು ಬಂದ ಕೆಲವೇ ದಿನಕ್ಕೆ ಒಮ್ಮೆ ಕೈ ಹಿಂದೆಳೆದುಕೊಂಡು ನಿಂತದ್ದು ನನಗೆ ನೆನಪಿದೆ.

"ರೀ, ಇದನ್ನ ಮುಟ್ಟಿದ್ರ ಮೊಣಕೈತನಾ ಜುಮ್ ಅಂತೈತ್ರಿ."

ಅಪ್ಪ ರಬ್ಬರ್ ಚಪ್ಪಲಿಯಲ್ಲಿ ಬಂದು ಹಿಡಿಕೆಯ ಮೇಲೆ ಅಂಗೈ ಇಟ್ಟರು.

"ಎಲ್ಲಿ? ನನಗೇನೂ ಆಗವಲ್ತು. ಮುಳ್ಳು ನೋಡು, ವೋಲ್ಟೇಜ್ ಇಲ್ಲ. ವೋಲ್ಟೇಜ್ ಇಲ್ಲದ ಶಾಕ್ ಎಲ್ಲಿಂದ ಹೊಡಿತೈತಿ? ನಿನಗ ರಕ್ತ ಕಡಿಮಿ ಐತಿ."

ಡಾಕ್ಟರರ ಹತ್ತಿರ ಕರೆದೊಯ್ದು ನಿಶ್ಶಕ್ತಿ ಎಂದು ತಾವೇ ಹೇಳಿದರು. ಡಾಕ್ಟರು ಕಬ್ಬಿಣದ ಟಾನಿಕ್ ಬರೆದುಕೊಟ್ಟರು. ಅದನ್ನು ಕುಡಿದು ಕುಡಿದು ಅವ್ವನ ಹಲ್ಲು ಕಪ್ಪಾದವು. ನಗುವಾಗ ಸೆರಗು ಅಡ್ಡ ಹಿಡಿಯತೊಡಗಿದಳು. ಜುಮ್ ಎನ್ನುವುದು ಮಾತ್ರ ನಿಲ್ಲಲಿಲ್ಲ. ನಾನೂ ಒಮ್ಮೆ ಬರಿಗಾಲಲ್ಲಿ ಮುಟ್ಟಿ, ಇರುವೆಗಳ ಸಾಲು ತೋಳಿನೊಳಗೆ ಓಡಿದಂತಾಗಿ ಚೀರಿದೆ. ಅಪ್ಪ, "ತಾಯಿ ಅಂದಿದ್ದು ಮಗಳಿಗೂ ಹತ್ತೈತಿ" ಎಂದರು. ಹೆಂಗಸರ ಮೈಯಲ್ಲಿ ಆಗುವುದಕ್ಕೆಲ್ಲ ನಮ್ಮ ಮನೆಯಲ್ಲಿ ಎರಡೇ ಕಾರಣಗಳಿದ್ದವು: ರಕ್ತ ಕಡಿಮೆ, ಇಲ್ಲವೇ ತಲೆ ತುಂಬ ವಿಚಾರ. ಊಟದ ಹೊತ್ತಿಗೆ ತಣ್ಣೀರು ಬೇಕೆಂದು ಅಪ್ಪ ಕೂಗಿದರೆ ಅವ್ವ ಕೈಯನ್ನು ಸೀರೆಗೆ ಒರೆಸಿ, ಕಣ್ಣು ಮುಚ್ಚಿ, ಬಾಗಿಲನ್ನು ಒಂದೇ ಎಳೆತಕ್ಕೆ ಎಳೆಯುತ್ತಿದ್ದಳು. ಆ ಕಣ್ಣು ಮುಚ್ಚುವುದನ್ನು ನಾನು ದಿನವೂ ನೋಡುತ್ತಿದ್ದೆ. ಅಪ್ಪ ತಟ್ಟೆ ನೋಡುತ್ತಿದ್ದರು.

ಆ ವರ್ಷ ಶಾಲೆಯಲ್ಲಿ ವಿದ್ಯುತ್ತಿನ ಪಾಠ ಬಂತು. ನನಗೆ ಎಂದೂ ಇಲ್ಲದ ಆಸೆ. ಇನ್ನು ಗೊತ್ತಾಗುತ್ತದೆ ಎಂದು ಮುಂದಿನ ಬೆಂಚಿಗೆ ಹೋಗಿ ಕೂತೆ. ಫಿಸಿಕ್ಸ್ ಮೇಷ್ಟ್ರು ಬೋರ್ಡಿನ ಮೇಲೆ ನೀರಿನ ಟ್ಯಾಂಕು ಬರೆದರು, ಕೆಳಗೊಂದು ನಲ್ಲಿ ಬರೆದರು. ವೋಲ್ಟೇಜ್ ಅಂದರೆ ಒತ್ತಡ ಎಂದರು. ಆಮೇಲೆ ಒಂದು ಉದ್ದನೆಯ ಇಂಗ್ಲಿಷ್ ವ್ಯಾಖ್ಯೆಯನ್ನು ಉಸಿರು ಬಿಡದೆ ಹೇಳಿ, ನಮ್ಮಿಂದಲೂ ಉಸಿರು ಬಿಡದೆ ಹೇಳಿಸಿದರು. ಅದರಲ್ಲಿ "ಎರಡು ಬಿಂದುಗಳ ನಡುವಿನ ಪೊಟೆನ್ಷಿಯಲ್ ಡಿಫರೆನ್ಸ್" ಎಂಬ ಮಾತಿತ್ತು. ನಾನು ಎದ್ದು ನಿಂತೆ. ಒತ್ತಡ ತಂತಿಯೊಳಗೆ ಇದ್ದರೆ ತಂತಿಯ ಮೇಲೆ ಕೂತ ಕಾಗೆಗೆ ಏಕೆ ಏನೂ ಆಗುವುದಿಲ್ಲ ಎಂದು ತೆಲುಗಿನಲ್ಲಿ ಕೇಳಿದೆ.

"ಕಾಕಿ ಸಂಗತಿ ಕಾಕಿನಿ ಅಡುಗು," ಎಂದರು ಮೇಷ್ಟ್ರು. ಕಾಗೆಯ ವಿಷಯ ಕಾಗೆಯನ್ನೇ ಕೇಳು. "ಪರೀಕ್ಷಲೋ ಇದಿ ರಾದು." ಪರೀಕ್ಷೆಯಲ್ಲಿ ಇದು ಬರುವುದಿಲ್ಲ.

ತರಗತಿಯೆಲ್ಲ ನಕ್ಕಿತು. ಹಲವು ದಿನ ನನ್ನನ್ನು ಕಾಕಿ ಎಂದೇ ಕರೆದರು. ಆ ವ್ಯಾಖ್ಯೆಯನ್ನು ಬಾಯಿಪಾಠ ಹೇಳಿ ನೂರಕ್ಕೆ ನೂರು ತೆಗೆದವರು ನಮ್ಮ ತರಗತಿಯಲ್ಲಿ ಬಹಳ ಜನ. ಅವರ ಮನೆಗಳಲ್ಲೂ ಯಾರೋ ಒಬ್ಬಳು ಕಣ್ಣು ಮುಚ್ಚಿ ಫ್ರಿಜ್ಜು ತೆರೆಯುತ್ತಿದ್ದಳೋ ಏನೋ. ಅದು ಪರೀಕ್ಷೆಗೆ ಬರುವಂಥದ್ದಲ್ಲವಲ್ಲ.

ದಾರಿ ತೋರಿಸಿದ್ದು ಅವ್ವನ ಒಂದು ಮಾತು. ರಜೆಯ ದಿನ, ನಾನು ಅಡುಗೆಮನೆಯ ಹೊಸ್ತಿಲಲ್ಲಿ ಪುಸ್ತಕ ಹಿಡಿದು ಕೂತಿದ್ದೆ. ಅವ್ವ ಊಟದ ಮಣೆಯನ್ನು ಕಾಲಿನಿಂದ ಫ್ರಿಜ್ಜಿನ ಮುಂದೆ ತಳ್ಳಿ, ಅದರ ಮೇಲೆ ನಿಂತು ಬಾಗಿಲು ತೆರೆದಳು. ಕಣ್ಣು ಮುಚ್ಚಲಿಲ್ಲ.

"ಮಣಿ ಯಾಕ ಅವ್ವಾ?"

"ಇದರ ಮ್ಯಾಲೆ ನಿಂತ್ರ ಜುಮ್ ಅನ್ನಂಗಿಲ್ಲ ನೋಡು. ಕೈಯಾಗ ಆಗೂದು ಖರೆ, ಆದ್ರ ಕಾಲಿಗೆ ಏನೋ ಸಂಬಂಧ ಐತಿ. ನಿಮ್ಮಪ್ಪಗ ಹೇಳಬ್ಯಾಡ, ನಗತಾರ."

ಕಾಲಿಗೆ ಸಂಬಂಧ. ಎರಡು ಬಿಂದುಗಳ ನಡುವೆ. ನಾನು ಪುಸ್ತಕ ಮುಚ್ಚಿದ್ದು, ಮತ್ತೆ ತೆರೆದದ್ದು, ಎದ್ದು ನಿಂತದ್ದು ಯಾವುದೂ ಸರಿಯಾಗಿ ನೆನಪಿಲ್ಲ. ವೋಲ್ಟೇಜ್ ಫ್ರಿಜ್ಜಿನೊಳಗೆ ಇರುವ ವಸ್ತುವಲ್ಲ, ತಂತಿಯೊಳಗೆ ತುಂಬಿಟ್ಟದ್ದೂ ಅಲ್ಲ. ಅದು ಒಂದು ಜಾಗಕ್ಕೂ ಇನ್ನೊಂದು ಜಾಗಕ್ಕೂ ಇರುವ ವ್ಯತ್ಯಾಸ. ಕಾಗೆಯ ಎರಡೂ ಕಾಲು ಒಂದೇ ತಂತಿಯ ಮೇಲೆ, ಅದರ ಒಂದು ಕಾಲಿಗೂ ಇನ್ನೊಂದಕ್ಕೂ ವ್ಯತ್ಯಾಸವಿಲ್ಲ. ಅವ್ವನ ಕೈ ಒಳಗಿನಿಂದ ಕರೆಂಟು ಸೋರುವ ಫ್ರಿಜ್ಜಿನ ಮೇಲೆ, ಪಾದ ಒದ್ದೆ ನೆಲದ ಮೇಲೆ. ಅಪ್ಪನ ಕೈಯೂ ಅದೇ ಫ್ರಿಜ್ಜಿನ ಮೇಲೆ, ಆದರೆ ಅವರಿಗೂ ನೆಲಕ್ಕೂ ನಡುವೆ ರಬ್ಬರು. ಕೊಯ್ದು ಹಾಕಿದ ಆ ಮೂರನೆಯ ಪಿನ್ನಿಗೆ ಇದ್ದದ್ದೇ ಒಂದು ಕೆಲಸ, ಫ್ರಿಜ್ಜಿನ ಮೈಯನ್ನು ನೆಲಕ್ಕೆ ಕಟ್ಟಿ ಇಟ್ಟು, ಎರಡಕ್ಕೂ ವ್ಯತ್ಯಾಸವೇ ಇಲ್ಲದಂತೆ ನೋಡಿಕೊಳ್ಳುವುದು. ಮುಳ್ಳು ಅರ್ಧಕ್ಕೆ ಇಳಿದರೂ ಆ ಅರ್ಧವೇ ಒಬ್ಬ ಹೆಂಗಸಿನ ಜೀವಕ್ಕೆ ಸಾಕು.

ಇದನ್ನು ಅವ್ವನಿಗೆ ಹೇಳಲು ನನ್ನ ಬಾಯಲ್ಲಿ ಕನ್ನಡವಿರಲಿಲ್ಲ. ಪಾಠ ಇಂಗ್ಲಿಷಿನಲ್ಲಿ, ಬೀದಿ ತೆಲುಗಿನಲ್ಲಿ. ಕನ್ನಡದಲ್ಲಿ ನನಗೆ ಗೊತ್ತಿದ್ದದ್ದು ಊಟ, ಉಡುಗೆ, ಬೈಗುಳ.

"ವೋಲ್ಟೇಜ್ ಅಂಟೇ... ಅಂದ್ರ, ತೇಡಾ ಅವ್ವಾ. ನಿನ್ನ ಕೈಗೂ ಕಾಲಿಗೂ ನಡುವ ಇರೋ ತೇಡಾ."

"ತೇಡಾ ಅಂದ್ರ?"

"ಅದು ಬ್ಯಾರೆ, ಇದು ಬ್ಯಾರೆ ಅಂತಾರಲ್ಲ, ಅದು."

"ಫರಕ ಅನ್ನು," ಎಂದಳು ಅವ್ವ. ಮಣೆಯ ಮೇಲೆಯೇ ನಿಂತಿದ್ದಳು. ಅಲ್ಲಿಂದಲೇ ಕೇಳಿದಳು: "ಹಂಗಾರ ನನ್ನ ರಕ್ತದಾಗ ಏನೂ ಇಲ್ಲಲ್ಲ?"

ಅಂದು ಊಟಕ್ಕೆ ಕೂತಾಗ ನಾನು ಎಲ್ಲವನ್ನೂ ಅಪ್ಪನಿಗೆ ಹೇಳಿದೆ. ಕಾಗೆ, ಮಣೆ, ಪಿನ್ನು, ಯಾವುದನ್ನೂ ಬಿಡಲಿಲ್ಲ. ಅಪ್ಪ ಕೊನೆಯ ತನಕ ಕೇಳಿದರು. ಅದೇ ಹೆಚ್ಚು ಸಿಟ್ಟು ತರಿಸುವಂಥದ್ದು. ಅವರಿಗೆ ಕೇಳಿಸಿತ್ತು.

"ಇಷ್ಟ್ಯಾಕ ಓದಸಾಕತ್ತೀನಿ ಅಂದ್ರ, ನನಗ ಬುದ್ಧಿ ಹೇಳಲಿ ಅಂತ ಅಲ್ಲ," ಎಂದರು. "ರಂಗಾರಾವ್ ಅವರ ಗೋಡಿ ಒಡದು, ಅವರ ಕಡಿಂದ ಮಾತು ಕೇಳ್ಲೇನು? ನಿಮ್ಮವ್ವಗ ಚಪ್ಪಲ್ ಹಾಕ್ಕೋ ಅನ್ನು."

ಅಡುಗೆಮನೆಯಲ್ಲಿ ಚಪ್ಪಲಿ ಮೆಟ್ಟಿದವರ ಕೈಯ ಅಡುಗೆ ಊರಿನಿಂದ ಆಗಾಗ ಬರುತ್ತಿದ್ದ ಅಜ್ಜಿ ಮುಟ್ಟುತ್ತಿರಲಿಲ್ಲ. ಅಜ್ಜಿ ನಮ್ಮಪ್ಪನ ತಾಯಿ. ಆ ನಿಯಮ ಅವರದೇ ಮನೆಯದು. ಅವ್ವ ತಲೆ ತಗ್ಗಿಸಿ ಸಾರು ಬಡಿಸಿದಳು. ನಾನು ಉಣ್ಣದೆ ಎದ್ದೆ. ಯಾರೂ ಕರೆಯಲಿಲ್ಲ.

ಅದು ಆದದ್ದು ಮುಂದಿನ ಬೇಸಿಗೆಯಲ್ಲಿ. ಹಬ್ಬದ ಮುನ್ನಾದಿನವಾದ್ದರಿಂದ ಅವ್ವ ಮಣೆಗಳನ್ನೆಲ್ಲ ತೊಳೆದು ಮಾಳಿಗೆಯ ಮೇಲೆ ಬಿಸಿಲಿಗೆ ಇಟ್ಟಿದ್ದಳು. ನಾನು ಹೊರಗಿನ ಕೋಣೆಯಲ್ಲಿದ್ದೆ. ಕಿರುಚಾಟ ಕೇಳಲಿಲ್ಲ. ಕರೆಂಟು ಕೈ ಹಿಡಿದುಕೊಂಡಾಗ ಕಿರುಚಲು ಆಗುವುದಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಸ್ಟೀಲಿನ ಪಾತ್ರೆಯೊಂದು ಉರುಳಿದ ಸದ್ದು ಕೇಳಿತು, ಉರುಳಿದ್ದನ್ನು ಯಾರೂ ಎತ್ತಲಿಲ್ಲ. ಅದಕ್ಕೇ ಎದ್ದು ಹೋದೆ. ಅವ್ವ ಫ್ರಿಜ್ಜಿನ ಹಿಡಿಕೆಯನ್ನು ಬಲಗೈಯಲ್ಲಿ ಹಿಡಿದು ನಿಂತಿದ್ದಳು. ಮೈ ಹಗ್ಗದಂತೆ ಬಿಗಿದಿತ್ತು, ದವಡೆ ಕಚ್ಚಿತ್ತು, ಕಣ್ಣು ಈ ಸಲ ತೆರೆದಿತ್ತು. ನನ್ನನ್ನು ನೋಡುತ್ತಿತ್ತು. ಪಾದದ ಸುತ್ತ ನೀರು. ಓಡಿಹೋಗಿ ತಬ್ಬಿಕೊಳ್ಳಬೇಕೆಂದು ಮೈಯೆಲ್ಲ ಮುಂದೆ ಹೋಯಿತು, ತಲೆ ನಿಲ್ಲಿಸಿತು. ಸ್ವಿಚ್ಚು ಫ್ರಿಜ್ಜಿನ ಹಿಂದಿತ್ತು. ಒಣ ಹೊಸ್ತಿಲ ಮೇಲೆ ಚಪ್ಪಲಿಯಲ್ಲಿ ನಿಂತು, ಶೆಲ್ಫಿನಿಂದ ಮರದ ಲಟ್ಟಣಿಗೆ ಎಳೆದು, ಅವ್ವನ ಮುಂಗೈಗೆ ಹೊಡೆದೆ. ಬಿಡಲಿಲ್ಲ. ಇನ್ನೂ ಜೋರಾಗಿ ಹೊಡೆದೆ. ಕೈ ಕಳಚಿತು, ಅವ್ವ ನೀರಿನಲ್ಲಿ ಕುಸಿದಳು.

ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತು ಎಂದು ಕೇಳಿದರು. ಬ್ಯಾಂಕಿನಿಂದ ಓಡಿಬಂದಿದ್ದ ಅಪ್ಪ ಬೆವರು ಒರೆಸಿಕೊಂಡು ಉತ್ತರಿಸಿದರು.

"ತಡಿ ಚೇತುಲತೋ ಪಟ್ಟುಕುಂದಂಡಿ. ಜಾಗ್ರತ್ತ ಲೇದು."

ಒದ್ದೆ ಕೈಯಲ್ಲಿ ಹಿಡಿದಳು, ಎಚ್ಚರಿಕೆ ಇಲ್ಲ. ತೆಲುಗಿನಲ್ಲಿ ಹೇಳಿದರೆ ಅವ್ವನಿಗೆ ತಿಳಿಯುವುದಿಲ್ಲ ಎಂದುಕೊಂಡರೇನೋ. ತರಕಾರಿಯವಳ ಜೊತೆ ದಿನವೂ ಚೌಕಾಸಿ ಮಾಡುವವಳಿಗೆ ಅಷ್ಟು ತೆಲುಗು ಬರುತ್ತಿತ್ತು. ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು.

ಅಂಗೈ ಸುಟ್ಟಿತ್ತು. ಗಾಯ ಒಣಗಿದ ಮೇಲೆ ಉಂಗುರದ ಬೆರಳೂ ಕಿರುಬೆರಳೂ ಒಳಕ್ಕೆ ಮಡಚಿಕೊಂಡು ಹಾಗೆಯೇ ಉಳಿದವು. ಜೋಳದ ರೊಟ್ಟಿ ಬಡಿಯಲು ಅಂಗೈ ಪೂರ್ತಿ ಚಾಚಬೇಕು. ಅವ್ವನ ರೊಟ್ಟಿ ಕಾಗದದಂತಿರುತ್ತಿತ್ತು. ಬಡಿಯುವ ಸದ್ದಿಗೆ ಕೆಳಗಿನ ಮನೆಯವರು ಹೊತ್ತು ಹೇಳುತ್ತಿದ್ದರು. ಅದು ನಿಂತಿತು. ಅಪ್ಪ ಒಂದು ದಿನವೂ ರೊಟ್ಟಿ ಎಲ್ಲಿ ಎಂದು ಕೇಳಲಿಲ್ಲ. ಅದನ್ನು ಅವರ ದೊಡ್ಡ ಗುಣವೆಂದು ನಮ್ಮ ಸೋದರತ್ತೆ ಇಂದಿಗೂ ಹೊಗಳುತ್ತಾಳೆ.

ಅವ್ವ ಮನೆಗೆ ಬಂದ ವಾರದಲ್ಲಿ ರಂಗಾರಾವ್ ಗಾರು ಬಾಳೆಹಣ್ಣು ಹಿಡಿದು ಮೇಲೆ ಬಂದರು. ಅಪ್ಪನ ಪಕ್ಕ ಕುರ್ಚಿಯಲ್ಲಿ ಕೂತು, ಅಮ್ಮಗಾರು ಸ್ವಲ್ಪ ಜಾಗ್ರತೆ ಇರಬೇಕಿತ್ತು ಎಂದರು. ಅಪ್ಪ ಹೌದೆಂದು ತಲೆಯಾಡಿಸಿದರು. "ಹೆಂಗಸ್ರಿಗೆ ಎಷ್ಟ್ ಹೇಳಿದ್ರೂ ಅಷ್ಟ" ಎಂದು ಮೊದಲು ಕನ್ನಡದಲ್ಲಿ, ಆಮೇಲೆ ತೆಲುಗಿನಲ್ಲಿ ಹೇಳಿದರು. ನಾನು ಎದ್ದೆ. ಕೊಡದಲ್ಲಿದ್ದ ನೀರನ್ನೆಲ್ಲ ಅಡುಗೆಮನೆಯ ನೆಲಕ್ಕೆ ಸುರಿದೆ. ಕಿತ್ತಿಟ್ಟಿದ್ದ ಪ್ಲಗ್ಗನ್ನು ಚುಚ್ಚಿ ಸ್ವಿಚ್ಚು ಒತ್ತಿದೆ. ಸ್ಟೆಬಿಲೈಸರು ಟಕ್ಕೆಂದಿತು. ಸಂಜೆಯಾಗಿತ್ತು, ಮುಳ್ಳು ಎಡಕ್ಕೆ ಬಿದ್ದಿತ್ತು.

"ಅಪ್ಪಾ, ಬರ್ರಿ. ವೋಲ್ಟೇಜ್ ಇಲ್ಲ ನೋಡ್ರಿ. ಚಪ್ಪಲ್ ಬಿಚ್ಚಿ ಇಲ್ಲಿ ನಿಂತು ಇದನ್ನ ಮುಟ್ರಿ. ಒಣ ಕೈಲೇ ಮುಟ್ರಿ."

ಅಪ್ಪ ಎದ್ದು ಬಾಗಿಲ ತನಕ ಬಂದರು. ನೀರು ಅವರ ಚಪ್ಪಲಿಯ ತುದಿಗೆ ತಾಗಿ ನಿಂತಿತು.

"ಮುಟ್ರಿ. ಮಾವಗಾರೂ, ಮೀರೂ ರಂಡಿ. ಎವರಿಕೀ ಏಮೀ ಕಾಲೇದು ಕದಾ."

ಯಾರಿಗೂ ಏನೂ ಆಗಿಲ್ಲವಲ್ಲ, ನೀವೂ ಬನ್ನಿ. ರಂಗಾರಾವ್ ಗಾರು ಕುರ್ಚಿ ಬಿಟ್ಟು ಏಳಲಿಲ್ಲ. ಅಪ್ಪ ಫ್ರಿಜ್ಜು ನೋಡಿದರು, ನೆಲ ನೋಡಿದರು. ಚಪ್ಪಲಿ ಬಿಚ್ಚಲಿಲ್ಲ. ನನಗೆ ಕೆನ್ನೆಗೆ ಹೊಡೆದರು. ಜೀವನದಲ್ಲಿ ಅವರು ನನ್ನ ಮೇಲೆ ಕೈ ಎತ್ತಿದ್ದು ಅದೊಂದೇ ಸಲ. ನನಗೆ ಅಳು ಬರಲಿಲ್ಲ. ಅವರಿಗೆ ಗೊತ್ತಿತ್ತು. ನಾನು ಪಾಠ ಹೇಳಿದಂದೇ ಅವರಿಗೆ ತಿಳಿದಿತ್ತು ಎನ್ನುವುದು ಆ ಬಿಚ್ಚದ ಚಪ್ಪಲಿಯಿಂದ ಸಾಬೀತಾಗಿತ್ತು. ಅಂದಿನಿಂದ ನಾನು ಅವರ ಜೊತೆ ಬೇಕಾದಷ್ಟೇ ಮಾತಾಡಿದೆ. ಮುಂದೆ ಎಲೆಕ್ಟ್ರಿಕಲ್ ಓದುತ್ತೇನೆ ಎಂದಾಗ ಆದ ಜಗಳದಲ್ಲೂ ಅವರು ಜೋರು ಮಾಡಲಿಲ್ಲ. ಹೆಣ್ಣುಮಕ್ಕಳಿಗೆ ಅದು ಅಪಾಯ ಎಂದಷ್ಟೇ ಅಂದರು. ನಾನು ಅವ್ವನ ಕೈ ನೋಡಿದೆ.

ಅವ್ವನ ಕೈ ಸುಟ್ಟು ವರ್ಷ ತುಂಬುವ ಮೊದಲು ವಿಶಾಖಪಟ್ಟಣಕ್ಕೆ ವರ್ಗವಾಯಿತು. ಎಂವಿಪಿ ಕಾಲೋನಿಯಲ್ಲಿ ಹೊಸದಾಗಿ ಕಟ್ಟಿದ ಮನೆ, ನೆಲದ ಅಂತಸ್ತು. ಗೋಡೆಗೆ ಇನ್ನೂ ಸುಣ್ಣದ ವಾಸನೆ, ಕಿಟಕಿಯ ಸರಳುಗಳಿಗೆ ಆಗಲೇ ಕಡಲ ಉಪ್ಪಿನ ತುಕ್ಕು. ಹಾಲು ಉಕ್ಕಿಸುವ ದಿನ ಅಪ್ಪ ತಮ್ಮ ಮೇನೇಜರನ್ನೂ ಅವರ ಹೆಂಡತಿಯನ್ನೂ ಕರೆದಿದ್ದರು. ಅನಕಾಪಲ್ಲಿಯ ಬೆಲ್ಲ ತರಿಸಿ ಪಾಯಸಕ್ಕೆ ಇಟ್ಟಿದ್ದರು. ಅವ್ವ ರೇಷ್ಮೆ ಸೀರೆ ಉಟ್ಟು ಬಂದು, ಬಾಗಿಲಲ್ಲಿ ನಿಂತು, ಈ ಮನೆಗೆ ಅರ್ಥಿಂಗ್, ಅಂದರೆ ನೆಲಕ್ಕಿಳಿಯುವ ಆ ಮೂರನೆಯ ತಂತಿ, ಹಾಕಿದ್ದಾರೆಯೇ ಎಂದು ನನ್ನನ್ನು ಕೇಳಿದಳು. ನಾನು ಸಾಕೆಟ್ಟು ಬಿಚ್ಚಿ ನೋಡಿದೆ. ಮೂರನೆಯ ತೂತಿನ ಹಿಂದೆ ತಂತಿಯೇ ಇರಲಿಲ್ಲ. ಬರೀ ತೂತು. ಹಾಗೆಂದು ಹೇಳಿದೆ. ಅವ್ವ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಹಾಕಸ್ರಿ. ಆಮ್ಯಾಲೆ ಒಳಗ ಬರತೀನಿ."

"ಏನ್ ಹುಚ್ಚು ಇದು? ಹಾಲು ಉಕ್ಕಸಾಕ ಗ್ಯಾಸ್ ಐತಿ. ಹಾಲಿಗ್ಯಾಕ ಅರ್ಥಿಂಗ್?"

"ಹಾಲಿಗಲ್ರಿ. ನನಗ."

ಅಪ್ಪ ದನಿ ತಗ್ಗಿಸಿ ನನ್ನ ಕಡೆ ತಿರುಗಿದರು. ಮಂದಿ ನೋಡಾಕತ್ತಾರ, ನಿಮ್ಮವ್ವಗ ಸ್ವಲ್ಪ ಹೇಳು ಎಂದರು. ನಾನು ಹೇಳುವುದಿಲ್ಲ ಎಂದೆ. ಅವ್ವ ಸೀರೆಯ ನೆರಿಗೆ ಸರಿಮಾಡಿಕೊಂಡು, ಮಡಚಿದ ಬೆರಳುಗಳ ಕೈಯನ್ನು ಮಡಿಲಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡು ಕೂತಳು. ಮೇನೇಜರರ ಹೆಂಡತಿ ಅದನ್ನು ನೋಡಿ ಅಪ್ಪನನ್ನು ನೋಡಿದರು. ಎಲೆಕ್ಟ್ರಿಷಿಯನ್ ಬಂದ. ಹಿತ್ತಲಲ್ಲಿ ಗುಂಡಿ ತೋಡಿದರು, ಪೈಪು ಇಳಿಸಿದರು, ಇದ್ದಿಲು, ಉಪ್ಪು ತುಂಬಿ ನೀರು ಹೊಯ್ದರು, ತಂತಿ ಎಳೆದರು. ರಾಹುಕಾಲ ಬಂದು ಹೋಯಿತು. ಮಧ್ಯಾಹ್ನದ ಬಿಸಿಲು ಮೆಟ್ಟಿಲಿಗೆ ಬಂತು. ಅವ್ವ ಅಲುಗಾಡಲಿಲ್ಲ. ಅತಿಥಿಗಳು ಕಾದರು, ಹೊರಡಲೂ ಆಗದೆ, ಮಾತಾಡಲೂ ಆಗದೆ.

ಕೊನೆಗೆ ನಾನು ಹೊಸ ತಂತಿಗೆ ಬಲ್ಬು ತಗುಲಿಸಿ ಉರಿಯುತ್ತದೆಯೇ ಎಂದು ಪರೀಕ್ಷಿಸಿ, ಮೂರು ಪಿನ್ನಿನ ಹೊಸ ಪ್ಲಗ್ಗು ಹಾಕಿ, ಫ್ರಿಜ್ಜು ಶುರು ಮಾಡಿದೆ. ಅವ್ವ ಒಳಗೆ ಬಂದಳು. ನಲ್ಲಿಯ ಕೆಳಗೆ ಕೈಕಾಲು ತೊಳೆದಳು. ಒರೆಸಿಕೊಳ್ಳಲಿಲ್ಲ. ಎಲ್ಲರೂ ನೋಡುತ್ತಿದ್ದಂತೆ, ಬರಿಗಾಲಲ್ಲಿ ನಿಂತು, ಒದ್ದೆ ಎಡಗೈಯನ್ನು ಫ್ರಿಜ್ಜಿನ ಬಾಗಿಲಿಗೆ ಒತ್ತಿದಳು. ಬಹಳ ಹೊತ್ತು ಹಾಗೆಯೇ ಒತ್ತಿಕೊಂಡು ನಿಂತಳು.

"ಏನಿಲ್ಲ," ಎಂದಳು ನನಗೆ. "ಏನಂದ್ರ ಏನಿಲ್ಲ. ಇದು ಹಿಂಗಿರತೈತೇನು? ಇಷ್ಟ ದಿನ ನನ್ನ ಮೈಯಾಗ ರೋಗ ಐತಿ ಅಂತ ತಿಳ್ಕೊಂಡಿದ್ನಲ್ಲಾ."

ಆಮೇಲೆ ಅಪ್ಪನ ಕಡೆ ತಿರುಗಿದಳು. "ಹಾಲು ನೀವ ಕಾಸ್ರಿ," ಎಂದು ಹೇಳಿ, ಹೊರಗೆ ಬಂದು ಮೇನೇಜರರ ಹೆಂಡತಿಯ ಪಕ್ಕ ಕುರ್ಚಿಯಲ್ಲಿ ಕೂತಳು. ಅವಳು ಅತಿಥಿಗಳ ಸಮಕ್ಕೆ ಕುರ್ಚಿಯಲ್ಲಿ ಕೂತದ್ದನ್ನು ನಾನು ಅಂದೇ ನೋಡಿದ್ದು. ಎಲ್ಲರ ಕಣ್ಣೂ ಅಪ್ಪನ ಮೇಲಿತ್ತು. ಅವರು ಒಳಗೆ ಹೋಗಿ, ಕಡ್ಡಿಗಳನ್ನು ಒಂದರ ಮೇಲೊಂದು ಗೀರಿ ಗ್ಯಾಸು ಹಚ್ಚಿದರು, ಹಾಲಿನ ಪಾತ್ರೆ ಇಟ್ಟರು. ಹಾಲು ಏರಿತು, ಉಕ್ಕಿತು, ಶುಭವೆಂದು ಮೇನೇಜರರು ಚಪ್ಪಾಳೆ ತಟ್ಟಿದರು. ಹಾಲು ಉಕ್ಕುತ್ತಲೇ ಹೋಯಿತು. ಒಲೆಯ ಮೇಲೆ, ಕಟ್ಟೆಯ ಮೇಲೆ, ಅಪ್ಪನ ಹೊಸ ಪಂಚೆಯ ಮೇಲೆ. ಒಲೆಯ ಗುಂಡಿಯನ್ನು ಯಾವ ಕಡೆಗೆ ತಿರುಗಿಸಿದರೆ ಉರಿ ಆರುತ್ತದೆ ಎಂಬುದು ಅಪ್ಪನಿಗೆ ಗೊತ್ತಿರಲಿಲ್ಲ. ಅವರು ನಮ್ಮಿಬ್ಬರ ಕಡೆ ನೋಡಿದರು. ನಾವು ಹೇಳಲಿಲ್ಲ.